ಡೆಬಿಟ್–ಕ್ರೆಡಿಟ್, ಭಾಗ 6: ಹೆಣ್ಮಕ್ಕಳು ಆಳಿದ್ರ ಯುದ್ಧ ನಿಲ್ತಾವೇನು?

ಎಲ್ಲೇ ಯುದ್ಧ ಶುರು ಆಗ್ಲಿ, ಒಂದು ರೀಲ್ ತಿರುಗಾಡ್ತೈತಿ: “ಜಗತ್ತನ್ನ ಹೆಣ್ಮಕ್ಕಳ ಕೈಗೆ ಕೊಡ್ರಿ, ಯುದ್ಧಾನ ಇರಂಗಿಲ್ಲ.” ಕೇಳಾಕ ಚಂದ ಐತಿ. ಆದ್ರ ನಾ ಒಪ್ಪಂಗಿಲ್ಲ.

ದೂರ ಹೋಗೂದು ಬ್ಯಾಡ. ಯಲವಿಗಿಯಿಂದ ಟ್ರೇನ್ ಹತ್ತಿ ಹುಬ್ಬಳ್ಳಿಗೆ ಇಳೀರಿ, ಚೆನ್ನಮ್ಮ ಸರ್ಕಲ್ ನೋಡ್ರಿ. ಕುದುರಿ ಮ್ಯಾಲೆ ಕತ್ತಿ ಹಿಡಿದ ರಾಣಿ. ಕಿತ್ತೂರಿನ ದತ್ತು ವಾರಸುದಾರನನ್ನು ಕಂಪನಿ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಯುದ್ಧ ಆತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅದಕ್ಕೂ ಮುಂಚೆ ಕೆಳದಿ ಚೆನ್ನಮ್ಮ, ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯದ ವಿರುದ್ಧ ಹೋರಾಡಿದಳು. 1971ರ ಯುದ್ಧದಾಗ ಪ್ರಧಾನಿ ಇಂದಿರಾ ಗಾಂಧಿ. 1982ರಲ್ಲಿ ಫಾಕ್‌ಲ್ಯಾಂಡ್ಸ್ ದ್ವೀಪಕ್ಕೆ ಹಡಗು ಕಳಿಸಿದ್ದು ಬ್ರಿಟನ್ನಿನ ಥ್ಯಾಚರ್.

ಇವರೆಲ್ಲ ಮಾಡಿದ್ದು ಸರಿಯೋ ತಪ್ಪೋ, ಅದು ಬ್ಯಾರೆ ಮಾತು. ಆಳೋರು ಹೆಣ್ಣು ಅಂತ ಯುದ್ಧ ದೂರ ಉಳೀಲಿಲ್ಲ, ಅಷ್ಟ.

ಇನ್ನೊಂದು. “ತಾಯಿ ಕರುಳು” ಅಂತ ಹೇಳಿ ಅಧಿಕಾರ ಕೇಳೂದ ಡೇಂಜರ್. ನಾಳೆ ಒಂದು ಗಟ್ಟಿ ನಿರ್ಧಾರ ತಗೊಂಡ್ರ “ಹೆಣ್ಣಾಗಿ ಹಿಂಗ ಮಾಡ್ತಾಳಲ್ಲ” ಅಂತಾರ. ಗಂಡಸ್ರು ಯಾರೂ ನಾವು ಮೃದು ಮನಸ್ಸಿನವರು ಅಂತ ಸಾಬೀತು ಮಾಡಿ ಎಲೆಕ್ಷನ್ನಿಗೆ ನಿಂತಿಲ್ಲ. ನಮಗ್ಯಾಕ ಆ ಪರೀಕ್ಷೆ?

ಹಂಗಾದ್ರ ಏನೂ ಬದಲಾಗಂಗಿಲ್ಲೇನು? ಬದಲಾಗ್ತೈತಿ. ಖರ್ಚಿನ ಕಾಲಂ ನೋಡ್ರಿ. ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯ್ತಿಗಳನ್ನ ಅಧ್ಯಯನ ಮಾಡಿ ರಾಘಬೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡಫ್ಲೋ 2004ರಲ್ಲಿ ಬರೆದರು: ಮುಖ್ಯಸ್ಥರ ಸ್ಥಾನ ಮಹಿಳೆಗೆ ಮೀಸಲಿದ್ದ ಕಡೆ ಕುಡಿಯೋ ನೀರಿನ ಕೆಲಸ ಜಾಸ್ತಿ ಆಗಿತ್ತು. ಅದೇನು ಕರುಣೆ ಅಲ್ಲ. ಕೊಡ ಹೊರೋರಿಗೆ ನೀರಿನ ಲೆಕ್ಕ ಗೊತ್ತಿರ್ತೈತಿ.

ನಮ್ಮ ರಾಜ್ಯ ಇದರಾಗ ಮುಂದ ಇತ್ತು. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25 ಮೀಸಲಾತಿ, 2010ರ ತಿದ್ದುಪಡಿ ಬಂದ ಮ್ಯಾಲೆ ಶೇ. 50. ಆದ್ರ 2023ರ ವಿಧಾನಸಭೆ ಚುನಾವಣೆಯಲ್ಲಿ 224ರಾಗ ಗೆದ್ದ ಮಹಿಳೆಯರು 10. ಮಹಿಳಾ ಮುಖ್ಯಮಂತ್ರಿ ಒಬ್ರೂ ಆಗಿಲ್ಲ. ಸರ್ಕಲ್‌ನಾಗ ರಾಣಿ ಬೇಕು, ಟಿಕೆಟ್ ಪಟ್ಟಿಯಾಗ ಬ್ಯಾಡ!

ಹಳ್ಳಿಯಾಗ ಕುರ್ಚಿ ಸಿಕ್ಕೈತಿ ಖರೆ. ಆದ್ರ ಎಷ್ಟೋ ಕಡೆ ಅಧ್ಯಕ್ಷರು ಅಂದ್ರ ಜನ ನೋಡೂದು ಅವರ ಗಂಡನ ಮುಖ. ಫೋನ್ ಎತ್ತೋರು ಅವರ, ಮೀಟಿಂಗಿನಾಗ ಮಾತಾಡೋರೂ ಅವರ. ಬಿಕಾಂ ಹುಡುಗ್ರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ: ಜಾಯಿಂಟ್ ಅಕೌಂಟಿನಾಗ ಹೆಸರು ಒಬ್ಬರದು, ಚೆಕ್‌ಬುಕ್ ಇನ್ನೊಬ್ಬರ ಕಿಸೆಯಾಗ. ಪಂಚಾಯ್ತಿ ದುಡ್ಡು ಹೊರಗ ಬರಾಕ ಅಧ್ಯಕ್ಷರ ಸಹಿ, ಪಿಡಿಓ ಸಹಿ ಎರಡೂ ಬೇಕು. ಬಿಲ್ ಓದಿ, “ಇದ್ಯಾಕ ಇಷ್ಟಾತು?” ಅಂತ ಕೇಳಿ ಸಹಿ ಮಾಡಿದ್ರ ಅದು ಅಧಿಕಾರ. ಮನ್ಯಾಗ ತೋರಿಸಿದ ಜಾಗಕ್ಕ ಸಹಿ ಹಾಕಿದ್ರ ಮೀಸಲಾತಿ ಕಾಗದದ ಮ್ಯಾಲೆ ಉಳೀತೈತಿ.

ಅದಕ್ಕ ನನ್ನ ಮಾತು ಇಷ್ಟ. ಹೆಣ್ಮಕ್ಕಳು ಒಳ್ಳೇವ್ರು ಅಂತ ಅಧಿಕಾರ ಕೊಡಬ್ಯಾಡ್ರಿ. ಊರಿನ ಅರ್ಧ ಜನ ನಾವು, ಹಕ್ಕೈತಿ ಅಂತ ಕೊಡ್ರಿ. ಕೊಟ್ಟ ಮ್ಯಾಲೆ ನಡುವ ಕೈ ಹಾಕಬ್ಯಾಡ್ರಿ. ತಪ್ಪು ಮಾಡಿದ್ರ ಗಂಡಸ್ರನ್ನ ಕೇಳಿದಂಗ ನಮ್ಮನ್ನೂ ಕೇಳ್ರಿ.

ಕ್ಲಾಸಿನ ಹುಡುಗೀರಿಗೆ: 21 ತುಂಬಿದ್ರ ಗ್ರಾಮ ಪಂಚಾಯ್ತಿಗೆ ನಿಲ್ಲಬಹುದು. ನಮಗ ಬಾಳ ದಿನ ಉಳಿದಿಲ್ಲ. ಅಲ್ಲೀತನಕ ಗ್ರಾಮಸಭೆಗೆ ಹೋಗಿ ಜಮಾ-ಖರ್ಚು ಓದಿಸಿ ಕೇಳೋಣ. ಹುಡುಗ್ರು, ನೀವೂ ಬರ್ರಿ. ಆದ್ರ ನಮ್ಮ ಪರವಾಗಿ ಮಾತಾಡಾಕ ಅಲ್ಲ.

ನಿಮ್ಮೂರಾಗ ಅಧ್ಯಕ್ಷರ ಫೋನ್ ಯಾರು ಎತ್ತಾರ? ಕಾಮೆಂಟ್‌ನಾಗ ಬರೀರಿ, ಹೆಸರು ಬ್ಯಾಡ.

#ಡೆಬಿಟ್‌ಕ್ರೆಡಿಟ್ #ಯಲವಿಗಿ #ಸವಣೂರು #ಗ್ರಾಮಸಭೆ