ಕಪ್ಪು ಕಾರಿಗೆ ಯಾವ ಪಾಲಿಶ್?



ಕಪ್ಪು ಬಣ್ಣದ ಕಾರಿಗೆ ಮೊದಲ ಸಲ ಪಾಲಿಶ್ ಕೊಳ್ಳುವವರು ಅಂಗಡಿಯಲ್ಲಿರುವುದರಲ್ಲಿ ಅತ್ಯಂತ ಸೌಮ್ಯವಾದುದನ್ನೇ ಆರಿಸಿಕೊಳ್ಳಬೇಕು, ಅದನ್ನು ಕೈಯಿಂದಲೇ ಹಚ್ಚಬೇಕು ಎಂಬುದು ನನ್ನ ಖಚಿತ ಅಭಿಮತ. ವಿಜ್ಞಾನದ ಮೇಷ್ಟ್ರಿಗೆ ಈ ಗೊಡವೆ ಏಕೆಂದು ನಗಬೇಡಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ ಕಪ್ಪು ಬಣ್ಣದ ಹಳೆಯ ಕಾರೊಂದನ್ನು ಕೊಂಡಿದ್ದಾನೆ. ಅವರ ಮನೆತನದಲ್ಲಿ ಅದೇ ಮೊದಲ ಕಾರು. "ಸರ್, ಮಷಿನ್ ಹಚ್ಚಿ ಉಜ್ಜಿದ್ರ ಹೊಸಾದರಂಗ ಆಗತೈತಿ ಅಂತಾರ್ರೀ, ಉಜ್ಜಿಸ್ಲೇನ್ರೀ?" ಎಂದು ಫೋನಿನಲ್ಲಿ ಕೇಳಿದ. ಅವನಿಗೆ ಹೇಳಿದ್ದನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೆಳಕಿನ ಪ್ರತಿಫಲನದ ಪಾಠವನ್ನು ನೆನಪಿಸಿಕೊಳ್ಳಿ. ಬಿಳಿಯ ಕಾರಿನಲ್ಲಿ ಒಳಗಿನ ಬಣ್ಣವೇ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದುರಿಸುತ್ತದೆ. ಸಣ್ಣ ಗೀರುಗಳಿಂದ ಚದುರಿದ ಬೆಳಕು ಅದರಲ್ಲಿಯೇ ಮರೆಯಾಗುತ್ತದೆ. ಕಪ್ಪು ಬಣ್ಣವಾದರೋ ಬಹುಪಾಲು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬರುವುದು ಮೇಲ್ಮೈಯಿಂದ ಮರಳಿದ ಬೆಳಕು ಮಾತ್ರ. ಆದ್ದರಿಂದಲೇ ಕೂದಲೆಳೆಯಂಥ ಗೀರೂ ಬಿಸಿಲಿನಲ್ಲಿ ಜೇಡರ ಬಲೆಯಂತೆ ಎದ್ದು ಕಾಣುತ್ತದೆ. ಕಪ್ಪು ಕಾರು ಬೇಗ ಹಾಳಾಗುತ್ತದೆ ಎಂಬ ಮಾತು ಸರಿಯಲ್ಲ. ಅದು ಏನನ್ನೂ ಮುಚ್ಚಿಡುವುದಿಲ್ಲ, ಅಷ್ಟೆ.

ಪಾಲಿಶ್ ಎಂದರೆ ಏನನ್ನೋ ಬಳಿದು ಹೊಳಪು ತರುವುದೆಂದು ಹಲವರು ತಿಳಿದಿದ್ದಾರೆ. ನಿಜವಾದ ಪಾಲಿಶ್ ಬಳಿಯುವುದಿಲ್ಲ, ಸವೆಸುತ್ತದೆ. ನಮ್ಮ ಮಾಗಳದ ವೇಣುಗೋಪಾಲಸ್ವಾಮಿ ದೇವಾಲಯದ ಕಂಬಗಳನ್ನು ನೋಡಿದ್ದೀರಲ್ಲವೆ? ಕಲ್ಯಾಣ ಚಾಲುಕ್ಯ ಶೈಲಿಯ ಆ ಕಂಬಗಳ ನುಣುಪು ಕಲ್ಲನ್ನು ಸವೆಸಿ ಸವೆಸಿ ತಂದದ್ದು. ಆದರೆ ಶಿಲ್ಪಿಯ ಮುಂದೆ ತೋಳಿನಲ್ಲಿ ಹಿಡಿಯಲಾಗದಷ್ಟು ದಪ್ಪದ ಕಲ್ಲಿತ್ತು. ಇಂದಿನ ಕಾರಿನ ಮೇಲೆ ಬಣ್ಣವನ್ನು ಕಾಯುವ ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಮಾತ್ರ. ಒಂದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಲ್ಲ. ಸವೆದದ್ದು ಮರಳಿ ಬರುವುದಿಲ್ಲ. ಅದು ತೂತಾದರೆ ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ.

ಉಜ್ಜಿದಷ್ಟೂ ಒಳ್ಳೆಯದೆಂಬ ನಂಬಿಕೆ ಹಳೆಯ ಕಾಲದ್ದು. ಅಂದಿನ ಅಂಬಾಸಿಡರ್ ಕಾರುಗಳ ಬಣ್ಣಕ್ಕೆ ಮೇಲೊಂದು ಪಾರದರ್ಶಕ ಲೇಪವಿರುತ್ತಿರಲಿಲ್ಲ. ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುತ್ತಿತ್ತು, ಅಡಿಯಿಂದ ಹೊಸ ಬಣ್ಣವೇ ಮೇಲೆ ಬರುತ್ತಿತ್ತು. ಆ ಲೆಕ್ಕ ಇಂದಿನ ಕಾರಿಗೆ ಹೊಂದದು.

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಡಬ್ಬಿಗಳಿರುತ್ತವೆ. ಮೊದಲನೆಯದು ರಬ್ಬಿಂಗ್ ಕಾಂಪೌಂಡ್. ಇದು ಒರಟು, ಬೇಗ ಗೀರು ತೆಗೆಯುತ್ತದೆ, ಅಷ್ಟೇ ಬೇಗ ಲೇಪವನ್ನೂ ತಿನ್ನುತ್ತದೆ, ಕಪ್ಪಿನ ಮೇಲೆ ಮಬ್ಬನ್ನೂ ಉಳಿಸಬಲ್ಲದು. ಎರಡನೆಯದು ನುಣ್ಣನೆಯ ಪಾಲಿಶ್. ಮೂರನೆಯದು ವ್ಯಾಕ್ಸ್, ಇದು ಸವೆಸದೆ ಮೇಲೆ ಕುಳಿತು ಕಾಯುತ್ತದೆ. ಪಾಲಿಶಿನ ನಂತರ ಇದನ್ನು ಹಚ್ಚಲೇಬೇಕು. ಒಂದೇ ಕಂಪನಿ ಇವೆಲ್ಲವನ್ನೂ ಮಾರುತ್ತದೆ. ಉದಾಹರಣೆಗೆ ಮೆಗ್ವಾಯರ್ಸ್‌ನ ಅಲ್ಟಿಮೇಟ್ ಕಾಂಪೌಂಡ್ ಬೇರೆ, ಅಲ್ಟಿಮೇಟ್ ಪಾಲಿಶ್ ಬೇರೆ. ಹೊಸಬರ ಕೈಗೆ ಒಪ್ಪುವುದು ಎರಡನೆಯದು. ಹೆಸರಿಗೆ ಮರುಳಾಗದೆ ಡಬ್ಬಿಯ ಹಿಂದಿನ ಬರಹವನ್ನು ಓದಿ. 'ಕ್ಲಿಯರ್ ಕೋಟ್‌ಗೆ ಸುರಕ್ಷಿತ' ಎಂದಿರಬೇಕು. 'ಆಳವಾದ ಗೀರುಗಳಿಗೆ' ಎಂದಿದ್ದರೆ ಮರಳಿ ಇಟ್ಟುಬಿಡಿ.

ಹಳೆಯ ಕಾರಿನ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಹಿಂದಿನ ಯಜಮಾನ ಎಷ್ಟು ಸಲ ಯಂತ್ರ ಹಚ್ಚಿಸಿದ್ದನೋ, ಎಷ್ಟು ಲೇಪ ಉಳಿದಿದೆಯೋ ನಮಗೆ ಕಾಣದು. ತಿರುಗುವ ಯಂತ್ರ ಪಳಗದ ಕೈಯಲ್ಲಿದ್ದರೆ ಅಂಚುಗಳಲ್ಲಿ ಕ್ಷಣಮಾತ್ರದಲ್ಲಿ ಬಣ್ಣವನ್ನು ಸುಟ್ಟುಬಿಡುತ್ತದೆ. ಅಂಥ ಕಾರಿಗೆ ಕ್ಲೀನರ್ ವ್ಯಾಕ್ಸ್ ಸಾಕು. ಅದು ಕೊಳೆಯನ್ನು ತೆಗೆದು, ಸಣ್ಣ ಗೀರುಗಳನ್ನು ಕೆಲಕಾಲ ತುಂಬಿ ಮರೆಸುತ್ತದೆ. ನಾಲ್ಕಾರು ತೊಳೆತಗಳ ನಂತರ ಗೀರು ಮತ್ತೆ ಕಂಡೀತು, ಕಾಣಲಿ. ಇದು ಮೋಸದ ಹೊಳಪೆಂದು ಹಳಿಯುವವರಿದ್ದಾರೆ. ಲೇಪ ಉಳಿಯುವ ತಾತ್ಕಾಲಿಕ ಹೊಳಪು, ಲೇಪವನ್ನೇ ಕಳೆಯುವ ಹೊಳಪಿಗಿಂತ ಲೇಸು ಎಂಬುದು ನನ್ನ ಉತ್ತರ.

ಇನ್ನು ವಿಧಾನ. ನಮ್ಮ ಎರೆಭೂಮಿಯ ಧೂಳಿನಲ್ಲಿ ನುಣ್ಣನೆಯ ಮರಳೂ ಇರುತ್ತದೆ. ಮರಳಿನ ಸ್ಫಟಿಕ ಗಡಸುತನದ ಮೋಸ್ ಮಾಪಕದಲ್ಲಿ 7. ಕಾರಿನ ಲೇಪ ಅದರ ಮುಂದೆ ಬಲು ಮೆತ್ತಗಿನದು. ಆದ್ದರಿಂದ ಒಣಬಟ್ಟೆಯಿಂದ ಧೂಳು ಜಾಡಿಸುವ ಅಭ್ಯಾಸವೇ ಅರ್ಧ ಗೀರುಗಳಿಗೆ ಮೂಲ. ಮೊದಲು ಧಾರಾಳ ನೀರು ಸುರಿದು, ಕಾರಿನ ಶಾಂಪೂ ಹಾಕಿ ತೊಳೆಯಿರಿ. ಬೋರಿನ ಗಡಸು ನೀರಾದರೆ ತಾನಾಗಿ ಆರಲು ಬಿಡದೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸಿ. ಇಲ್ಲವಾದರೆ ಸುಣ್ಣದ ಕಲೆಗಳು ನಿಲ್ಲುತ್ತವೆ. ಬಳಿಕ ನೆರಳಿನಲ್ಲಿ, ತಗಡು ತಣ್ಣಗಿರುವಾಗ, ಅಂಗೈಯಗಲದ ಒಂದು ಮೂಲೆಯಲ್ಲಿ ಪಾಲಿಶನ್ನು ಪರೀಕ್ಷಿಸಿ. ಫಲ ಸಮಾಧಾನಕರವಾಗಿದ್ದರೆ ಮಾತ್ರ ಮುಂದುವರಿಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಯಾವ ಪಾಲಿಶೂ ತೆಗೆಯದು, ಅದನ್ನು ಬಿಟ್ಟುಬಿಡಿ.

ಹೊಸದರಂತೆ ಮಾಡಿಕೊಡುತ್ತೇವೆ ಎನ್ನುವವರಿಗೆ ಒಂದೇ ಪ್ರಶ್ನೆ ಕೇಳಿ: ಎಷ್ಟು ಲೇಪ ಉಳಿದಿದೆಯೆಂದು ಅಳೆದು ನೋಡಿದ್ದೀರಾ? ಅದಕ್ಕೆಂದೇ ಅಳತೆಯ ಉಪಕರಣವಿದೆ. ಅಳೆಯದೆ ಉಜ್ಜುವವರ ಕೈಗೆ, ಕಂತು ಕಟ್ಟುತ್ತಿರುವ ಕಾರನ್ನು ಒಪ್ಪಿಸಬೇಡಿ.