ಹೊನ್ನಾವರದ ಮೂವತ್ತಾರು ಪಾಠಶಾಲೆಗಳು

ದಾವಣಗೆರೆ, ಹರಿಹರಗಳಲ್ಲಿ ನೆಲೆಸಿರುವ ನಮಗೆ ಕಡಲು ದೂರ. ಆದರೆ ವ್ಯಾಪಾರ ದೂರವಲ್ಲ. ನವಾಬ್ ಹೈದರಲಿಯವರು ದಾವಣಗೆರೆಯನ್ನು ಮರಾಠಾ ಸರದಾರ ಅಪ್ಪಾಜಿರಾಮರಿಗೆ ಜಹಗೀರಾಗಿ ಕೊಟ್ಟರು. ಅವರು ವರ್ತಕರಿಗೆ ಉತ್ತೇಜನವಿತ್ತು ನೆಲೆಗೊಳಿಸಿದ ಮೇಲೆ ಈ ಊರು ಪೇಟೆಯಾಗಿ ಬೆಳೆಯಿತು. ಪೇಟೆಯನ್ನೇ ನಂಬಿ ಬದುಕುವ ನಾವು ಹೊನ್ನಾವರದ ಚರಿತ್ರೆಯನ್ನು ಅರಿಯಬೇಕು.

ಶರಾವತಿಯು ಅರಬ್ಬಿ ಸಮುದ್ರವನ್ನು ಸೇರುವೆಡೆಯಲ್ಲಿರುವ ಈ ಪ್ರಾಚೀನ ಬಂದರಿಗೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ 1340ರ ದಶಕದಲ್ಲಿ ಬಂದಿದ್ದರು. ಆಗ ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್ ಅಲ್ಲಿ ಆಳುತ್ತಿದ್ದರು. ಅವರು ಮುಸ್ಲಿಮೇತರ ದೊರೆಯೊಬ್ಬನ ಅಧೀನರಾಗಿದ್ದರು. ಆ ದೊರೆ ವಿಜಯನಗರದ ಹರಿಹರನೇ ಎಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ಬೇಸಾಯದ ಭೂಮಿಯಿಲ್ಲದ ಅಲ್ಲಿನ ಜನರಿಗೆ ಸಮುದ್ರ ವ್ಯಾಪಾರವೇ ಜೀವನಾಧಾರವಾಗಿತ್ತು. ಆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡ ಇಬ್ನ್ ಬತೂತಾ, ಇಂತಹುದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ದಾಖಲಿಸಿದರು. ಅಲ್ಲಿನ ಮಹಿಳೆಯರಿಗೆ ಪವಿತ್ರ ಕುರ್‌ಆನ್ ಕಂಠಪಾಠವಾಗಿತ್ತು.

1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಹೊನ್ನಾವರದ ಮೇಲೆ ದಾಳಿಯಿಟ್ಟು ಬೆಂಕಿ ಹಚ್ಚಿದನು. ಸರಕು ಸುಟ್ಟುಹೋಗಬಹುದು, ಪೇಟೆ ಬೇರೆಡೆಗೆ ಸರಿಯಬಹುದು. ಆದರೆ ಏಳು ಶತಮಾನಗಳ ಬಳಿಕವೂ ಆ ಊರಿಗೆ ಗೌರವ ತರುತ್ತಿರುವುದು ಆ ಪಾಠಶಾಲೆಗಳೇ.

ಇಂದು ನಮ್ಮ ಸ್ಥಿತಿ ಏನು? ಹುಡುಗನಿಗೆ ಮೀಸೆ ಮೂಡುವ ಮೊದಲೇ ಅಂಗಡಿ, ಗ್ಯಾರೇಜು. ಹುಡುಗಿಗೆ ಎಸ್ಸೆಸ್ಸೆಲ್ಸಿ ಮುಗಿದೊಡನೆ ಸಂಬಂಧದ ಮಾತು. ಇದು ಎಲ್ಲ ಮನೆಗಳ ಕತೆಯಲ್ಲ, ಆದರೆ ನಮಗೆ ಅಪರಿಚಿತವೂ ಅಲ್ಲ. ಅಂದಿನ ಶಾಲೆಗಳನ್ನು ಇಂದಿನ ಕಾಲೇಜಿಗೆ ಹೋಲಿಸಲಾದೀತೇ ಎಂದು ಕೆಲವರು ಕೇಳಬಹುದು. ಅಂದಿನವರು ತಮ್ಮ ಕಾಲದಲ್ಲಿ ದೊರಕುತ್ತಿದ್ದ ವಿದ್ಯೆಯನ್ನು ಹೆಣ್ಣುಮಕ್ಕಳಿಗೂ ಕೊಟ್ಟರು. ನಮ್ಮ ಕಾಲದ್ದನ್ನು ಕೊಡುವುದು ನಮ್ಮ ಹೊಣೆ. ಪ್ರವಾದಿ(ಸ)ರಿಗೆ ಅವತೀರ್ಣವಾದ ಮೊದಲ ಆದೇಶವೇ ಓದುವುದು. ಹ. ಖದೀಜಾ(ರ) ಸ್ವತಃ ವ್ಯಾಪಾರ ನಡೆಸಿದ್ದರು. ಹೆಣ್ಣುಮಕ್ಕಳ ವಿದ್ಯೆ ನಮ್ಮ ಪರಂಪರೆಗೆ ಹೊಸದೆನ್ನುವವರು ಪರಂಪರೆಯನ್ನೇ ಮರೆತವರು.

ಪ್ರತಿ ಮಸೀದಿಯ ಜಮಾಅತ್ ತನ್ನ ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು ಎಂದು ಎಣಿಸಲಿ. ಶುಲ್ಕಕ್ಕೆ ಅಡ್ಡಿಯಾದವರಿಗೆ ಉಳ್ಳವರು ನೆರವಾಗಲಿ. ನಾಳೆ ಪ್ರವಾಸಿಯೊಬ್ಬ ನಮ್ಮ ಬೀದಿಗೆ ಬಂದರೆ ಅವನು ಎಣಿಸಿ ಬರೆಯುವಂತಹುದು ಇಲ್ಲಿಯೂ ಇರಲಿ. ಅಲ್ಲಾಹನು ನಮಗೆ ಅದಕ್ಕೆ ತೌಫೀಕ್ ಕರುಣಿಸಲಿ, ಆಮೀನ್.