ಛುಕ್ ಛುಕ್ ಎನ್ನದ ರೈಲು

ಅಜ್ಜಂಪುರದಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವಳ ತಾತನಿಗೆ ಉಗಿಬಂಡಿಯ ಕಾಲದ ಕಥೆ ಹೇಳುವುದೆಂದರೆ ಬಲು ಇಷ್ಟವಂತೆ. ಎಂಜಿನ್ನು ಬೀರೂರಿನಲ್ಲಿ ಹೊಟ್ಟೆ ತುಂಬ ನೀರು ಕುಡಿದು, ದಾರಿಯುದ್ದಕ್ಕೂ ಬಿಳಿ ಮೋಡ ಉಗುಳುತ್ತ ಬರುತ್ತಿತ್ತು ಎಂದು ಅವರು ಹೇಳಿದಾಗ ಇವಳಿಗೊಂದು ಅನುಮಾನ ಬಂದಿದೆ. "ಮಾಮ, ಹಬೆ ತಣ್ಣಗಾದರೆ ನೀರಾಗುತ್ತೆ ಅಂತ ನಮ್ಮ ಪಾಠದಲ್ಲಿದೆ. ಆ ಹಬೆಯನ್ನು ಹಿಡಿದು ನೀರು ಮಾಡಿ ಮತ್ತೆ ಅದನ್ನೇ ಕಾಯಿಸಬಹುದಿತ್ತಲ್ಲ? ಯಾಕೆ ಸುಮ್ಮನೆ ಗಾಳಿಗೆ ಬಿಟ್ಟರು?"

ಪುಟ್ಟಿ, ನಿನ್ನ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ದೊಡ್ಡ ದೊಡ್ಡ ಎಂಜಿನಿಯರುಗಳು ನೂರು ವರ್ಷ ತಲೆ ಕೆರೆದುಕೊಂಡಿದ್ದಾರೆ. ನಮ್ಮ ಅಜ್ಜಿಯೂ ಇದನ್ನೇ ಕೇಳಿದ್ದರು. ಆಗ ನಾವಿದ್ದದ್ದು ಕಡೂರಿನಲ್ಲಿ. ಬೇಸಿಗೆ ಬಂತೆಂದರೆ ಬಾವಿ ತಳ ಕಾಣಿಸುತ್ತಿತ್ತು, ನಲ್ಲಿಯ ಮುಂದೆ ಕೊಡಗಳ ಸಾಲು ಬೀದಿ ತಿರುವಿನವರೆಗೆ ಇರುತ್ತಿತ್ತು. ಒಂದು ಸಲ ನೆಂಟರನ್ನು ರೈಲು ಹತ್ತಿಸಲು ಬೀರೂರಿಗೆ ಹೋದಾಗ, ಆನೆಯ ಸೊಂಡಿಲಿನಂಥ ಕೊಳವೆಯಿಂದ ಎಂಜಿನ್ನಿಗೆ ನೀರು ಧುಮುಕುವುದನ್ನು ಅಜ್ಜಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: "ಅಷ್ಟು ನೀರು ಕುಡ್ದು ಗಾಳಿಗೆ ಉಗುಳ್ತದಲ್ಲ ಮಗ, ಅದ್ರ ಮೇಲೆ ಒಂದು ಮುಚ್ಚಳ ಮುಚ್ಚಕ್ಕಾಗಲ್ವಾ?"

ಎಷ್ಟು ನೀರು ಎಂದು ಲೆಕ್ಕ ಹಾಕೋಣ. ನಮ್ಮ ಕಡೆ ಮೀಟರ್ ಗೇಜ್ ಹಳಿ ಇದ್ದಾಗ ಪ್ಯಾಸೆಂಜರ್ ರೈಲುಗಳನ್ನು ಎಳೆಯಲೆಂದೇ ಇದ್ದದ್ದು ವೈಪಿ ಜಾತಿಯ ಎಂಜಿನ್. ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಯೊಂದು ಅಂಟಿಕೊಂಡಿರುತ್ತದಲ್ಲ, ಅದಕ್ಕೆ ಟೆಂಡರ್ ಎನ್ನುತ್ತಾರೆ. ವೈಪಿಯ ಟೆಂಡರಿನಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಲೀಟರ್ ನೀರು ಹಿಡಿಯುತ್ತಿತ್ತು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಸುಮಾರು 900 ಕೊಡ! ದಾರಿ ಮುಗಿಯುವುದರೊಳಗೆ ಬಹುಪಾಲು ನೀರು ಚಿಮಣಿಯಿಂದ ಹೊರಟುಹೋಗುತ್ತಿತ್ತು. ಅಜ್ಜಿಯ ಹೊಟ್ಟೆ ಉರಿದದ್ದರಲ್ಲಿ ತಪ್ಪೇನಿದೆ?

ಇಲ್ಲೊಂದು ತಮಾಷೆ ಇದೆ. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳದ ಸಂದಿಯನ್ನು ದೂರದಿಂದ ಗಮನಿಸಿ: ಸಂದಿಗೆ ತೀರ ಹತ್ತಿರ ಏನೂ ಕಾಣದು, ಒಂದೆರಡು ಬೆರಳು ಆಚೆ ಬಿಳಿ ಶುರುವಾಗುತ್ತದೆ. ಆ ಬಿಳಿ ಎಂದರೆ ಗಾಳಿ ತಾಗಿ ತಣ್ಣಗಾದ ಸಣ್ಣ ಸಣ್ಣ ನೀರಿನ ಹನಿಗಳು. ಹಾಗಾದರೆ ತಾತ ಕಂಡ ಬಿಳಿ ಮೋಡ ಆಗಲೇ ನೀರಾಗಿತ್ತು. ಬಯಲಿನ ಗಾಳಿಯೇ ಪುಕ್ಕಟೆಯಾಗಿ ಆ ಕೆಲಸ ಮಾಡಿಕೊಡುತ್ತಿತ್ತು. ಆ ನೀರು ಡಬ್ಬದೊಳಗೆ ಆಗದೆ ಹೊಲದ ಮೇಲೆ ಆಗುತ್ತಿತ್ತು, ಅಷ್ಟೇ.

ಡಬ್ಬದೊಳಗೆ ಮಾಡುವುದು ಯಾಕೆ ಕಷ್ಟ? ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಕುದಿಯುತ್ತಿರುವ ಒಂದು ಗ್ರಾಂ ನೀರು ಹಬೆಯಾಗಬೇಕಾದರೆ 540 ಕ್ಯಾಲೊರಿ ನುಂಗುತ್ತದೆ. ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ, ಶಾಖವೆಲ್ಲ ಒಳಗೆ ಅಡಗಿ ಕೂರುತ್ತದೆ. ಅದಕ್ಕೇ ಪುಸ್ತಕದಲ್ಲಿ ಗುಪ್ತೋಷ್ಣ ಎಂಬ ಹೆಸರು. ಹಬೆ ಮತ್ತೆ ನೀರಾಗುವಾಗ ಈ 540ನ್ನೂ ಬಡ್ಡಿಯಿಲ್ಲದೆ ಹಿಂದಿರುಗಿಸುತ್ತದೆ. ಕುದಿನೀರು ಕೈಗೆ ಬಿದ್ದದ್ದಕ್ಕಿಂತ ಹಬೆ ಹೊಡೆದ ಗಾಯ ಜೋರಾಗಿರುವುದು ಇದರಿಂದಲೇ. ಕುಕ್ಕರಿನ ಹತ್ತಿರ ಹುಷಾರು!

ಬರೀ 100 ಗ್ರಾಂ ಹಬೆಯನ್ನು ನೀರು ಮಾಡಲು ಒಂದು ಲೀಟರ್ ತಣ್ಣೀರು ಬಳಸಿದಿರಿ ಎನ್ನಿ. ಆ ತಣ್ಣೀರು 54 ಡಿಗ್ರಿ ಮೇಲೇರಿ, ಕೈ ಅದ್ದಲಾಗದಷ್ಟು ಸುಡುತ್ತದೆ. ಇನ್ನು ಎಂಜಿನ್ನಿನ ಲೆಕ್ಕ. ಗಂಟೆಗೆ ಐದು ಟನ್ ನೀರು ಹಬೆಯಾಯಿತೆಂದು ಇಟ್ಟುಕೊಳ್ಳಿ. ಅದನ್ನು ವಾಪಸು ನೀರು ಮಾಡುವಾಗ ಹೊರಬರುವ ಶಾಖ, ಎರಡು ಕಿಲೋವ್ಯಾಟಿನ ಸ್ನಾನದ ಮನೆ ಗೀಸರುಗಳು ಒಂದೂವರೆ ಸಾವಿರ ಒಟ್ಟಿಗೆ ಉರಿದಷ್ಟು! ಅಷ್ಟನ್ನೂ ಓಡುವ ಬಂಡಿಯ ಮೇಲಿಂದಲೇ ಹೊರಗೆ ತಳ್ಳಬೇಕು. ಗಾಳಿ ಬೀಸಿ ತಳ್ಳುವುದಾದರೆ, ಗಾಳಿಯನ್ನು ಮೂವತ್ತು ಡಿಗ್ರಿ ಬಿಸಿ ಮಾಡಿ ಬಿಡುತ್ತೇವೆಂದುಕೊಂಡರೂ, ಸೆಕೆಂಡಿಗೆ ಮೂರು ಕೋಣೆಗಳಷ್ಟು ಗಾಳಿ ಬೇಕು. ಅದೂ ಏಪ್ರಿಲ್ ತಿಂಗಳ ಕಡೂರಿನ ಬಿಸಿಗಾಳಿ. ಅಜ್ಜಿಯ ಮುಚ್ಚಳ ಸಾಲದು, ಮುಚ್ಚಳದ ಮೇಲೆ ಬಿರುಗಾಳಿಯೂ ಬೇಕು.

ಹಡಗುಗಳಿಗೆ ಈ ತಲೆನೋವಿಲ್ಲ. ಸುತ್ತಲೂ ಸಮುದ್ರ, ತಣ್ಣಗೆ ಮಾಡಲು ಬೇಕಾದಷ್ಟು ನೀರು. ಉಪ್ಪುನೀರನ್ನು ಬಾಯ್ಲರಿಗೆ ಹಾಕುವಂತಿಲ್ಲವಾದ್ದರಿಂದ ಸಿಹಿನೀರನ್ನೇ ತಿರುತಿರುಗಿ ಬಳಸುವ ವ್ಯವಸ್ಥೆ ಅಲ್ಲಿ ಬೇಗ ಬಂತು. ಹಬೆಯನ್ನು ತಣ್ಣಗಾಗಿಸಲು ಬೇರೆಯೇ ಪಾತ್ರೆ ಇರಲಿ ಎಂದು ಜೇಮ್ಸ್ ವ್ಯಾಟ್‌ಗೆ ಹೊಳೆದದ್ದು 1765ರಷ್ಟು ಹಿಂದೆ. ಆದರೆ ಅವನ ಎಂಜಿನ್ ನಿಂತಲ್ಲೇ ನಿಂತಿರುತ್ತಿತ್ತು. ಓಡುವ ಎಂಜಿನ್ನಿನ ಪಾಡೇ ಬೇರೆ.

ಎರಡನೇ ತೊಡಕು ನನಗೆ ಬಹಳ ಇಷ್ಟವಾದದ್ದು. ರೈಲಾಟ ಆಡುವಾಗ ನೀವೆಲ್ಲ ಛುಕ್ ಛುಕ್ ಎನ್ನುತ್ತೀರಿ. ಆ ಸದ್ದು ಎಲ್ಲಿಂದ ಬರುತ್ತದೆ ಗೊತ್ತೇ? ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳಿ ಕೆಲಸ ಮುಗಿಸಿದ ಹಬೆ ಒಂದು ಕಿರಿದಾದ ಬಾಯಿಯಿಂದ ಚಿಮಣಿಯೊಳಕ್ಕೆ ಚಿಮ್ಮುತ್ತದೆ. ಪ್ರತಿ ಚಿಮ್ಮಿಗೂ ಒಂದು ಛುಕ್. ಚಿಮ್ಮುವ ಹಬೆ ತನ್ನ ಜೊತೆ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಗೆ ಹೋದ ಜಾಗಕ್ಕೆ ಒಲೆಯ ಕೆಳಗಿನಿಂದ ಹೊಸ ಗಾಳಿ ನುಗ್ಗಿ ಕಲ್ಲಿದ್ದಲು ಧಗಧಗ ಉರಿಯುತ್ತದೆ. ಒಲೆ ಊದುವ ಊದುಗೊಳವೆ ಎಂದರೆ ಈ ಹಬೆಯೇ. ಎಂಜಿನ್ನು ಹೆಚ್ಚು ದುಡಿದಷ್ಟೂ ಹೆಚ್ಚು ಹಬೆ, ಹೆಚ್ಚು ಊದು, ಹೆಚ್ಚು ಬೆಂಕಿ. ಯಾರೂ ತಿರುಪು ತಿರುಗಿಸಬೇಕಿಲ್ಲ. ಇಷ್ಟು ಸರಳವಾದ ಏರ್ಪಾಡನ್ನು ನಾನಂತೂ ಬೇರೆ ಯಂತ್ರದಲ್ಲಿ ನೋಡಿಲ್ಲ. ಹಬೆಯನ್ನು ಹಿಡಿದಿಟ್ಟುಕೊಂಡಿರೋ, ಒಲೆ ಮಂಕಾಯಿತು. ಅಂದಮೇಲೆ ವ್ಯರ್ಥವಾಗುತ್ತಿದೆ ಎಂದು ನಾವು ಅಂದುಕೊಂಡ ಹಬೆ ಹೋಗುವ ಮುಂಚೆ ಇನ್ನೊಂದು ಕೆಲಸ ಮಾಡಿಕೊಟ್ಟೇ ಹೋಗುತ್ತಿತ್ತು.

ಮೂರನೆಯದು ಎಣ್ಣೆ. ಪಿಸ್ಟನ್ ಸಲೀಸಾಗಿ ಜಾರಲಿ ಎಂದು ಸಿಲಿಂಡರಿಗೆ ಎಣ್ಣೆ ಬಿಡುತ್ತಾರೆ. ಹಬೆ ಹೊರಡುವಾಗ ಆ ಎಣ್ಣೆಯನ್ನೂ ಹೊತ್ತುಕೊಂಡು ಹೊರಡುತ್ತದೆ. ತರೀಕೆರೆ ಕಡೆಯ ಅಡಿಕೆ ತೋಟದವರಿಗೆ ಚೊಗರು ಗೊತ್ತು. ಅಡಿಕೆ ಬೇಯಿಸಿದ ಹಂಡೆಯ ಕೆಂಪು ನೀರನ್ನು ಚೆಲ್ಲದೆ ಎತ್ತಿಟ್ಟು ಮುಂದಿನ ಸಲಕ್ಕೆ ಬಳಸುತ್ತಾರೆ. ಹಳೆಯದು ಬೆರೆತಷ್ಟೂ ಅಡಿಕೆಗೆ ಬಣ್ಣ. ಬಾಯ್ಲರಿಗೆ ಈ ಹಳೆ ನೀರಿನ ರುಚಿ ಆಗಿಬರುವುದಿಲ್ಲ. ಎಣ್ಣೆ ಬೆರೆತ ನೀರು ನೊರೆಯೇಳುತ್ತದೆ, ನೊರೆ ಹಬೆಯ ಜೊತೆ ಸಿಲಿಂಡರಿಗೆ ನುಗ್ಗುತ್ತದೆ. ಹಬೆಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಬಂದು ನೀರಿಗೆ ಗುದ್ದಿದರೆ ಸಿಲಿಂಡರಿನ ಮುಚ್ಚಳವೇ ಒಡೆದುಹೋದೀತು. ಇನ್ನೊಂದು ಕಡೆ ಬಾಯ್ಲರಿನ ಕೊಳವೆಗಳಿಗೆ ಜಿಡ್ಡು ಹತ್ತಿ, ಶಾಖ ನೀರಿಗೆ ದಾಟದೆ ಕಬ್ಬಿಣವೇ ಕಾಯುತ್ತದೆ. ಅದರ ಪಕ್ಕದಲ್ಲೇ ನಿಂತು ಇಡೀ ದಿನ ದುಡಿಯುವವರು ಡ್ರೈವರ್ ಮತ್ತು ಫೈರ್‌ಮನ್ ಎನ್ನುವುದು ನೆನಪಿರಲಿ.

ಇಷ್ಟೆಲ್ಲ ಇದ್ದರೂ ಮಾಡಿದವರಿದ್ದಾರೆ. 1863ರಲ್ಲಿ ಲಂಡನ್ನಿನಲ್ಲಿ ನೆಲದಡಿಯ ರೈಲು ಶುರುವಾದಾಗ ಸುರಂಗದ ತುಂಬ ಹಬೆ ತುಂಬಿಕೊಳ್ಳಬಾರದೆಂದು ಅದನ್ನು ಎಂಜಿನ್ನಿನ ನೀರಿನ ತೊಟ್ಟಿಗೇ ತಿರುಗಿಸಿಬಿಟ್ಟರು. ತೊಟ್ಟಿಯ ನೀರು ಕುದಿಯುವ ಮಟ್ಟಕ್ಕೆ ಬಂದರೆ ಅದನ್ನು ಚೆಲ್ಲಿ ತಣ್ಣೀರು ತುಂಬಿಕೊಳ್ಳಬೇಕು. ಅಲ್ಲಿ ಅವರಿಗೆ ಬೇಕಿದ್ದದ್ದು ಉಸಿರಾಡುವ ಗಾಳಿ, ನೀರಿನ ಉಳಿತಾಯ ಯಾರಿಗೂ ಮುಖ್ಯವಾಗಿರಲಿಲ್ಲ.

ನೀರಿಗಾಗಿಯೇ ಮಾಡಿದವರೆಂದರೆ ಮರುಭೂಮಿಯವರು. ದಕ್ಷಿಣ ಆಫ್ರಿಕಾದಲ್ಲಿ ಕರೂ ಎಂಬ ಒಣಸೀಮೆ ಇದೆ. ನೂರಾರು ಕಿ.ಮೀ. ಕುರುಚಲು ಗಿಡ, ಕಲ್ಲು, ಎಲ್ಲೋ ಒಂದು ಬಾವಿ, ಅದರಲ್ಲೂ ಗಡಸು ನೀರು. ಅಲ್ಲಿಗೆಂದು 1953ರಿಂದ ಒಟ್ಟು 90 ಎಂಜಿನ್‌ಗಳು ಬಂದವು. 'ಕ್ಲಾಸ್ 25' ಎಂದು ಹೆಸರು. ಅಲ್ಲಿನ ಹಳಿ ನಮ್ಮ ಹಳೆಯ ಮೀಟರ್ ಗೇಜಿಗಿಂತ 67 ಮಿ.ಮೀ. ಮಾತ್ರ ಅಗಲ, ಆದರೆ ಎಂಜಿನ್ ರಾಕ್ಷಸ ಗಾತ್ರದ್ದು. ಅದರ ಟೆಂಡರ್ ಎಂಜಿನ್ನಿಗಿಂತಲೂ ಉದ್ದ! ಕೆಲಸ ಮುಗಿಸಿದ ಹಬೆ ಮೊದಲು ಒಂದು ಟರ್ಬೈನ್ ತಿರುಗಿಸುತ್ತಿತ್ತು. ಆ ಟರ್ಬೈನು ಒಲೆಯ ಹೊಗೆ ಎಳೆಯುವ ಫ್ಯಾನನ್ನು ಓಡಿಸುತ್ತಿತ್ತು. ಆಮೇಲೆ ಎಣ್ಣೆ ಬೇರ್ಪಡಿಸುವ ಡಬ್ಬದ ಮೂಲಕ ಹಾದು ಟೆಂಡರಿಗೆ ಹೋಗಿ, ಅಲ್ಲಿ ಇನ್ನೊಂದು ಟರ್ಬೈನ್ ತಿರುಗಿಸಿ ಚಾವಣಿಯ ದೊಡ್ಡ ಫ್ಯಾನುಗಳನ್ನು ಓಡಿಸುತ್ತಿತ್ತು. ಕೊನೆಗೆ ಲಾರಿಯ ರೇಡಿಯೇಟರಿನಂಥ ಕೊಳವೆಗಳ ಗೋಡೆಯಲ್ಲಿ ಇಳಿದು ನೀರಾಗಿ ಕೆಳಗಿನ ತೊಟ್ಟಿಗೆ ಸೇರುತ್ತಿತ್ತು. ಹಬೆ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳಲು ಬೀಸಣಿಗೆಯನ್ನೂ ಬೀಸಿಕೊಳ್ಳುತ್ತಿತ್ತು ಎನ್ನಿ. ಸುಮಾರು ನೂರಕ್ಕೆ ತೊಂಬತ್ತು ಪಾಲು ನೀರು ಉಳಿಯಿತು. ಒಂದು ಸಲ ತುಂಬಿದರೆ ನೂರಾರು ಕಿ.ಮೀ. ಓಡಬಲ್ಲದು ಎಂಬ ಲೆಕ್ಕ. ಬಂದ ನೀರು ಬಟ್ಟಿ ಇಳಿಸಿದ ನೀರಿನಂತಿದ್ದುದರಿಂದ, ಮನೆಯ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಪದರವೂ ಬಾಯ್ಲರಿನಲ್ಲಿ ಕಟ್ಟುತ್ತಿರಲಿಲ್ಲ. ಗಡಸು ನೀರಿನ ಸೀಮೆಯಲ್ಲಿ ಇದು ಸಣ್ಣ ಲಾಭವೇನಲ್ಲ.

ಆದರೆ ಆ ಎಂಜಿನ್ ಛುಕ್ ಎನ್ನುತ್ತಿರಲಿಲ್ಲ. ಗುಂಯ್ ಎಂದು ಫ್ಯಾನಿನ ಸದ್ದು ಮಾಡುತ್ತ ಜಾರಿ ಹೋಗುತ್ತಿತ್ತು. ಆ ದೇಶದ ಮಕ್ಕಳು ರೈಲಾಟವನ್ನು ಹೇಗೆ ಆಡಿದರೋ!

ಹೊಗೆಯ ಜೊತೆ ಹಾರುವ ಕಲ್ಲಿದ್ದಲ ಚೂರುಗಳು ಮರಳು ಕಾಗದದ ಹಾಗೆ ಉಜ್ಜಿ ಉಜ್ಜಿ ಫ್ಯಾನಿನ ರೆಕ್ಕೆಗಳನ್ನು ಸವೆಸಿದವು. ಸಾವಿರಾರು ಜೋಡಣೆಗಳಲ್ಲಿ ಒಂದಿಲ್ಲೊಂದು ಸೋರಿತು. ಉಳಿದ ನೀರಿನ ಬೆಲೆಗಿಂತ ರಿಪೇರಿಯ ಖರ್ಚು ಭಾರವಾಯಿತು. 1970ರ ದಶಕದಲ್ಲಿ ಡೀಸೆಲ್, ವಿದ್ಯುತ್ ಎಂಜಿನ್‌ಗಳು ಬಂದಂತೆ ಇವುಗಳ ಕಂಡೆನ್ಸರುಗಳನ್ನು ಕಿತ್ತು ಸಾಮಾನ್ಯ ಉಗಿ ಎಂಜಿನ್ ಮಾಡಿಬಿಟ್ಟರು. ಅವೂ ಛುಕ್ ಛುಕ್ ಎನ್ನತೊಡಗಿದವು.

ಈಗ ನಮ್ಮ ದಾರಿಗೆ ಬರೋಣ. ಅಜ್ಜಂಪುರ, ಬೀರೂರು, ಕಡೂರು, ಅರಸೀಕೆರೆ ಬಯಲುಸೀಮೆಯ ಒಣ ದಾರಿ, ನಿಜ. ಆದರೆ ಕರೂ ಅಲ್ಲ. ಕಡೂರಿನಿಂದ ಬೀರೂರಿಗೆ ಆರೇಳು ಕಿ.ಮೀ. ಅಷ್ಟೆ. ಹತ್ತಾರು ಕಿ.ಮೀ.ಗೊಂದು ಸ್ಟೇಷನ್, ನಡುನಡುವೆ ಕೆರೆಗಳು. ಮದಗದ ಕೆರೆ, ಅಯ್ಯನಕೆರೆಗಳಂಥ ದೊಡ್ಡ ಕೆರೆಗಳು ಕಡೂರು ತಾಲ್ಲೂಕಿನಲ್ಲೇ ಇವೆ. ಬೀರೂರಿನಿಂದ 1899ರಲ್ಲಿ ಶಿವಮೊಗ್ಗಕ್ಕೆ ಕವಲೊಡೆದ ಹಳಿಯಂತೂ ತರೀಕೆರೆ ದಾಟಿ ಭದ್ರಾವತಿಯಲ್ಲಿ ಹೊಳೆಯ ಪಕ್ಕಕ್ಕೇ ಹೋಗುತ್ತದೆ. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡಡಿ ಅಗಲದ ಹಳಿಯ ಮೇಲೆ ಒಂದು ಪುಟಾಣಿ ರೈಲೂ ಇತ್ತು. ಅದು ಓಡಿದ್ದು ಮಲೆನಾಡಿನ ಕಾಡಿನೊಳಗೆ, ಅಲ್ಲಿ ನೀರಿಗೆ ಬರವೇ? ಇಂಥ ಕಡೆ ಎಂಜಿನ್ನಿಗಿಂತ ಉದ್ದದ ಟೆಂಡರ್ ಕಟ್ಟಿಕೊಂಡು ತಿರುಗುವುದಕ್ಕಿಂತ ಸ್ಟೇಷನ್ನಿನಲ್ಲಿ ಒಂದು ತೊಟ್ಟಿ ಕಟ್ಟುವುದು ಅಗ್ಗ. ರೈಲಿನವರ ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ನಲ್ಲಿ ಮುಂದಿನ ಕೊಡಗಳ ಸಾಲಿಗೆ ಮಾತ್ರ ಕಾಲಂ ಇರಲಿಲ್ಲ. ಬರಗಾಲದ ವರ್ಷ 900 ಕೊಡದ ಬೆಲೆ ಎಷ್ಟು ಎಂದು ಕೇಳಿದ್ದರೆ ಕಡೂರಿನ ಹೆಂಗಸರು ಬೇರೆಯೇ ಅಂಕಿ ಹೇಳುತ್ತಿದ್ದರು. 1990ರ ದಶಕದಲ್ಲಿ ಬ್ರಾಡ್ ಗೇಜ್ ಬರುವ ಹೊತ್ತಿಗೆ ನೀರು ಕುಡಿಯುವ ಎಂಜಿನ್‌ಗಳ ಕಾಲವೇ ಮುಗಿದಿತ್ತು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ಹೋದ ಹೊಸ ಹಳಿಗೆ ಉಗಿಯ ವಾಸನೆಯೇ ಗೊತ್ತಿಲ್ಲ.

ಅಜ್ಜಿ ಕೇಳಿದ ಮುಚ್ಚಳವನ್ನು ಇವತ್ತು ನೋಡಬೇಕೆಂದರೆ ರಾಯಚೂರಿನ ಶಕ್ತಿನಗರಕ್ಕೆ ಹೋಗಬೇಕು. ಕೃಷ್ಣಾ ನದಿಯ ದಂಡೆಯ ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಅಲ್ಲಿ ಟರ್ಬೈನ್ ತಿರುಗಿಸಿದ ಹಬೆ ಕಂಡೆನ್ಸರಿಗೆ ಇಳಿದು ನೀರಾಗಿ ಮತ್ತೆ ಬಾಯ್ಲರಿಗೇ ಹೋಗುತ್ತದೆ. ಆದರೆ ಆ ಕಂಡೆನ್ಸರನ್ನು ತಣ್ಣಗಿಡಲು ಬೇರೆ ನೀರು ಬೇಕು. ಬಿಸಿಯಾದ ಆ ನೀರನ್ನು ದೊಡ್ಡ ಗೋಪುರಗಳಲ್ಲಿ ಗಾಳಿಗೊಡ್ಡಿ ಆರಿಸುವಾಗ ಒಂದಷ್ಟು ಆವಿಯಾಗಿ ಹೋಗಿಯೇ ಹೋಗುತ್ತದೆ. ಗೋಪುರದ ಮೇಲೆ ಏಳುವ ಬಿಳಿಯನ್ನು ಹೊಗೆ ಎಂದು ತಿಳಿಯಬೇಡಿ. 540 ಕ್ಯಾಲೊರಿ ಎಲ್ಲಿಗಾದರೂ ಹೋಗಲೇಬೇಕಲ್ಲ!

ಈ ವಾರದ ಲೆಕ್ಕ: ಗೂಡ್ಸ್ ರೈಲು ಎಳೆಯುತ್ತಿದ್ದ ವೈಜಿ ಎಂಜಿನ್ನಿನ ದೊಡ್ಡ ಚಕ್ರದ ಅಡ್ಡಳತೆ 1.22 ಮೀಟರ್. ಚಕ್ರ ಒಂದು ಸುತ್ತು ಸುತ್ತಿದರೆ ನಾಲ್ಕು ಛುಕ್. ಏರು ಹತ್ತುತ್ತಿದ್ದ ಒಂದು ಗೂಡ್ಸ್ ರೈಲಿನಿಂದ ನಿಮಿಷಕ್ಕೆ 240 ಛುಕ್ ಕೇಳಿಸಿದರೆ ಅದರ ವೇಗ ಗಂಟೆಗೆ ಎಷ್ಟು ಕಿ.ಮೀ.? ಉತ್ತರ ಮುಂದಿನ ವಾರ.